ಸೋಮವಾರದ ನೋವು

ನನ್ನ ತಮ್ಮನಿಗೆ ನೋವು ಶುರುವಾದದ್ದು ಸೋಮವಾರ. ಗುರುವಾರ ಮಳವಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ‘ಯಾವಾಗಿನಿಂದ ನೋವು’ ಎಂದು ಕೇಳಿದಾಗ ನಾನು ‘ಬೆಳಿಗ್ಗೆಯಿಂದ’ ಎಂದೆ. ಆ ಮೂರು ದಿನ ಅವನನ್ನು ಆಸ್ಪತ್ರೆಗೆ ಕಳಿಸದೆ ಮನೆಯಲ್ಲಿಟ್ಟುಕೊಂಡವಳು ನಾನು. ಕಳಿಸೋಣ ಎಂದವಳ ಬಾಯಿ ಮುಚ್ಚಿಸಿದವಳೂ ನಾನೇ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವುದು ಸ್ವಲ್ಪ ಸಲೀಸು.

ನಾನು ಕಾಲು ಮುಂದಾಗಿ ಹುಟ್ಟಿದವಳು. ಅಂಥವರ ಕಾಲಿಗೆ ಉಳುಕು ತೆಗೆಯುವ ಗುಣವಿರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ಸೊಂಟ ಹಿಡಿದವರು, ಕತ್ತು ತಿರುಗದವರು, ಮೂಟೆ ಎತ್ತಿ ಬೆನ್ನು ಉಳುಕಿಸಿಕೊಂಡವರು ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ಬಂದು ನಮ್ಮ ಜಗುಲಿಯ ಮೇಲೆ ಚಾಪೆ ಹಾಸಿ ಬೋರಲು ಮಲಗುತ್ತಿದ್ದರು. ನಾನು ಎಡಗಾಲಿನ ಹಿಮ್ಮಡಿಯಿಂದ ನೋವಿರುವ ಜಾಗವನ್ನು ಮೇಲಿನಿಂದ ಕೆಳಕ್ಕೆ ಮೂರು ಸಲ ನೀವಿ, ಕೊನೆಗೆ ಒಂದು ಸಲ ಮೆತ್ತಗೆ ಒದೆಯುತ್ತಿದ್ದೆ. ಹೀಗೆ ಮೂರು ಬೆಳಿಗ್ಗೆ. ನಡುವೆ ತಪ್ಪಿಸುವಂತಿಲ್ಲ. ಆ ಮೂರು ದಿನ ಸೂಜಿ, ಮಾತ್ರೆ ಮುಟ್ಟುವಂತಿಲ್ಲ. ಎಲೆ ಅಡಿಕೆ ಬಿಟ್ಟು ಬೇರೇನನ್ನೂ ನಾನು ತೆಗೆದುಕೊಳ್ಳುತ್ತಿರಲಿಲ್ಲ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಮ್ಮನ ಮನೆಯಲ್ಲೇ ಇದ್ದೇನೆ. ಮದ್ದೂರು ದಾರಿಯಲ್ಲಿ ಮಳವಳ್ಳಿಗೆ ಹತ್ತಿರದ ಸಣ್ಣ ಊರು ನಮ್ಮದು. ಅಲ್ಲಿ ನನಗೊಂದು ಹೆಸರು, ಒಂದು ಜಾಗ ಇದ್ದದ್ದು ಆ ಕಾಲಿನಿಂದ. ‘ಕಾಲ್ ಜಯಮ್ಮ’ ಎಂದರೆ ಕೆರಗೋಡಿನವರೆಗೂ ಗೊತ್ತು. ಅದರ ಜಂಬ ನನಗೆ ಬೇಕಾದಷ್ಟಿತ್ತು.

ತಮ್ಮನ ಹೆಸರು ಸಿದ್ದರಾಜು. ನನಗಿಂತ ಆರು ವರ್ಷ ಚಿಕ್ಕವನು, ಆಗ ನಲವತ್ತಾರು. ತೋಟಗಳಲ್ಲಿ ಮರ ಹತ್ತಿ ಎಳನೀರಿನ ಗೊನೆ ಕಡಿದು, ಹಗ್ಗದಲ್ಲಿ ಇಳಿಸಿ, ಮದ್ದೂರಿನ ಮಾರುಕಟ್ಟೆಗೆ ತುಂಬಿ ಕಳಿಸುವ ಕೆಲಸ. ಹೆಂಡತಿ ಮಂಜುಳಾ, ಮದ್ದೂರಿನ ಹುಡುಗಿ. ಮಾತು ಕಡಿಮೆ.

ಆ ಸೋಮವಾರ ಅವನು ಮಧ್ಯಾಹ್ನಕ್ಕೇ ಮನೆಗೆ ಬಂದ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದ.

“ಅಕ್ಕ, ಈ ಬುಜ ಯಾಕೋ ಇಡ್ಕಂಬುಟ್ಟದೆ. ಬೆನ್ನು, ಎದೆ ಎಲ್ಲಾ ಬಿಗೀತಾ ಅದೆ” ಎಂದ.

“ಏಸ್ ಮರ ಅತ್ದೆ?”

“ಇಪ್ಪತ್ತೋ ಇಪ್ಪತ್ತೆರಡೋ.”

“ಮತ್ತಿನ್ನೇನ್ಲಾ? ಇಪ್ಪತ್ತೆರಡು ಮರ ಅತ್ತಿ ಗೊನೆ ಜಗ್ಗಿದ್ರೆ ಬುಜ ಇಡ್ಕಳ್ದೆ ಕುಣೀತದಾ? ಉಳುಕು ಕಣ್ಲಾ ಅದು. ಬೆಳಿಗ್ಗೆ ಎದ್ದು ಮಲೀಕ, ತೆಗೀತೀನಿ.”

ಮಂಜುಳಾ ಅವನ ಹಣೆ ಒರೆಸುತ್ತಿದ್ದಳು. ಸೆರಗೆಲ್ಲ ಒದ್ದೆಯಾಗಿತ್ತು. “ಬೆವರು ಇಂಗೆ ಸುರೀತಾ ಅದಲ್ಲ ಅಕ್ಕ. ಮಳವಳ್ಳಿಗೆ ಓಗಿ ಒಂದ್ಸಲ ತೋರುಸ್ಕಂಡು ಬರ್ಲಿ” ಎಂದಳು.

“ಮರ ಅತ್ದೋನು ಬೆವರ್ದೆ ನೀನು ಬೆವರ್ತೀಯಾ? ನಿಮ್ಮ ಮದ್ದೂರ್ನೋರ್ಗೆ ಸೀನು ಬಂದ್ರೂ ಆಸ್ಪತ್ರೆ!” ಎಂದೆ. ಪಕ್ಕದ ಮನೆಯವರು ನಕ್ಕರು. ಸಿದ್ದರಾಜನೂ ನೋವಿನಲ್ಲೇ ನಕ್ಕ. ಮಂಜುಳಾ ನಗಲಿಲ್ಲ. ಒಳಗೆ ಹೋದಳು.

ಮಂಗಳವಾರ ಬೆಳಿಗ್ಗೆ ತುಳಿದೆ. ಎದ್ದು ಕೂತು “ಒಸಿ ಅಗುರಾಯ್ತು ಅಕ್ಕ” ಎಂದ. ಆದರೆ ಅವನು ನನ್ನ ಮುಂದೆ ಎಂದೂ ಹಗುರಾಗಲಿಲ್ಲ ಎಂದು ಹೇಳುವವನಲ್ಲ. ಕೆಲಸಕ್ಕೆ ಹೊರಟವನು ಬಸ್‌ಸ್ಟಾಂಡಿನ ತನಕ ಹೋಗಿ ವಾಪಸು ಬಂದ. ಬುಧವಾರ ಮತ್ತೆ ತುಳಿದೆ. ಆ ದಿನ ಅವನು ಮುದ್ದೆ ಮುರಿದು ಬಾಯಿಗಿಟ್ಟವನು ನುಂಗಲಾರದೆ ತಟ್ಟೆ ಸರಿಸಿದ. ಮಂಜುಳಾ ಒಂದೂ ಮಾತಾಡದೆ ಸೀರೆ ಬದಲಾಯಿಸಿ, ಚೀಲಕ್ಕೆ ಅವನದೊಂದು ಲುಂಗಿ ತುಂಬಿಕೊಂಡು ಬಂದು, “ಏಳಿ, ಓಗವ” ಎಂದಳು.

ನಾನು ಬಾಗಿಲಿಗೆ ಅಡ್ಡ ನಿಂತೆ.

“ಇವತ್ತಿಗೆ ಎರಡು. ಮೂರು ತುಂಬ್ದೆ ಸೂಜಿ ಚುಚ್ಚುಸ್ದ್ರೆ ಉಳುಕು ಒಳೀಕೆ ಓಯ್ತದೆ. ಆಮೇಲೆ ಜಲ್ಮೆಲ್ಲ ಅವನು ಕೈ ಎತ್ತಂಗಿಲ್ಲ, ಮರ ಅತ್ತಂಗಿಲ್ಲ. ಅಂಗೂ ಕರ್ಕಂಡ್ ಓಯ್ತೀನಿ ಅಂದ್ರೆ ಓಗು. ಮುಂದಕ್ಕೆ ನನ್ನ ಕೇಳ್ಬೇಡ.”

ಸಿದ್ದರಾಜು ನನ್ನನ್ನೂ ಅವಳನ್ನೂ ನೋಡಿದ. “ನಾಳೆ ಒಂದಿನ ಬುಡು ಮಂಜು” ಎಂದ. ಅವಳು ಚೀಲ ಕೆಳಗಿಟ್ಟಳು. ನಾನು ಗೆದ್ದೆ. ಅವತ್ತು ನನಗೆ ಅನಿಸಿದ್ದು ಅದೇ.

ಗುರುವಾರ ಎರಡನೇ ಸಲ ನೀವುವಾಗ ನನ್ನ ಹಿಮ್ಮಡಿ ಜಾರಿತು. ಬೆನ್ನು ಪೂರ್ತಿ ಬೆವರು. ಆ ಬೆವರು ತಣ್ಣಗಿತ್ತು. ಅವನು ಹೊರಳಿ ಅಂಗಾತ ಮಲಗಿ ವಾಂತಿ ಮಾಡಿದ. ಮುಖ ಬೂದಿಯಂತಾಗಿತ್ತು. “ಅಕ್ಕ, ಉಸ್ರು ಬತ್ತಿಲ್ಲ” ಎಂದ. ಮಂಜುಳಾ ಓಡಿಬಂದಳು. ಬಂದವಳು ನನ್ನನ್ನು ಬಯ್ಯಲಿಲ್ಲ, ಅಳಲೂ ಇಲ್ಲ. ಬೀದಿಗೆ ಹೋಗಿ ಒಂದು ಆಟೋ ನಿಲ್ಲಿಸಿ, “ಬಿರ್ನೆ ಇಡ್ಕಳಿ” ಎಂದು ಅವನ ಕಂಕುಳಿಗೆ ಕೈ ಹಾಕಿದಳು.

ಮಳವಳ್ಳಿಯಲ್ಲಿ ಅವನನ್ನು ಹಾಸಿಗೆಗೆ ಹಾಕಿ, ಎದೆಗೆ ವೈರು ಅಂಟಿಸಿದರು. ಮಂಜುಳಾಳನ್ನು ಚೀಟಿ ಮಾಡಿಸಲು ಹೊರಗೆ ಕಳಿಸಿದರು. ಹಾಸಿಗೆಯ ಪಕ್ಕ ಉಳಿದವಳು ನಾನೊಬ್ಬಳೇ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋವು ಯಾವಾಗಿನಿಂದ ಎಂದು ಕೇಳಿದರು. ನಾನು ಬೆಳಿಗ್ಗೆಯಿಂದ ಎಂದೆ. ಅವರು ಯಂತ್ರದಿಂದ ಬಂದ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಅಮ್ಮಾ, ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಇದನ್ನ ನೋಡಿದ್ರೆ ಒಂದೆರಡು ದಿನದ್ದು ಇದ್ದ ಹಾಗಿದೆ. ನೋವು ಇವತ್ತೇ ಶುರುವಾಗಿದ್ದಾ? ಇದು ಬಹಳ ಮುಖ್ಯ.”

ಹೀಗೆ ಎರಡನೇ ಸಲ ಕೇಳಿದರು. ಆ ಡಾಕ್ಟರದ್ದು ಕಿಂಚಿತ್ತೂ ತಪ್ಪಿಲ್ಲ ಎನ್ನಲು ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಹಾಸಿಗೆಯ ಹತ್ತಿರ ನಮ್ಮೂರಿನ ಇಬ್ಬರು ಹೆಂಗಸರು ನಿಂತಿದ್ದರು. ಮೂರು ದಿನ ಎಂದರೆ, ಮೂರು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ಎದೆನೋವು ಬಂದವನ ಬೆನ್ನನ್ನು ಕಾಲಿನಿಂದ ತುಳಿಯುತ್ತಿದ್ದೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳುವುದು?

“ಇವತ್ತೇ ತಾಯಿ. ಎದ್ದಾಗ್ಲಿಂದ” ಎಂದೆ.

ಸಿದ್ದರಾಜು ಕಣ್ಣು ಬಿಟ್ಟು ನನ್ನನ್ನು ನೋಡಿದ. ಮತ್ತೆ ಮುಚ್ಚಿದ.

“ಹಾಗಾದ್ರೆ ಬೇಗ ಕರ್ಕೊಂಡು ಬಂದಿದ್ದೀರಿ, ಒಳ್ಳೇದಾಯ್ತು” ಎಂದರು ಡಾಕ್ಟರು. ಹೃದಯದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಕೊಡುತ್ತೇವೆ, ಬೇಗ ಬಂದವರಿಗೆ ಇದರಿಂದ ಅನುಕೂಲ ಎಂದರು. ತಡವಾಗಿ ಬಂದವರಿಗೆ ಏನು ಎಂದು ನಾನು ಕೇಳಲಿಲ್ಲ. ಮಂಜುಳಾ ಚೀಟಿ ಹಿಡಿದು ಒಳಗೆ ಬರುವಷ್ಟರಲ್ಲಿ ಔಷಧಿ ಅವನ ಮೈ ಸೇರುತ್ತಿತ್ತು. ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಡ್ಯಕ್ಕೆ ಕಳಿಸಿದರು.

ಮಂಡ್ಯದಲ್ಲಿ ಸಂಜೆ ಅವನು ಸ್ವಲ್ಪ ಗೆಲುವಾದ. ಮೊಸರನ್ನ ಉಂಡ. ಮಂಜುಳಾ ಮೊದಲ ಸಲ ಗೋಡೆಗೊರಗಿ ಕೂತಳು. ನನ್ನೊಳಗೆ ಒಂದು ಕೆಟ್ಟ ಸಮಾಧಾನ ಹುಟ್ಟಿತು: ಇವನು ಗುಣವಾದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಶುಕ್ರವಾರ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಅವನ ಎದೆಯ ಮೇಲೆ ಕೊಳವೆ ಇಟ್ಟರು. ಇಟ್ಟವರು ತೆಗೆಯಲಿಲ್ಲ. ಜಾಗ ಬದಲಾಯಿಸಿ ಮತ್ತೆ ಇಟ್ಟರು. ಇನ್ನೊಬ್ಬ ಡಾಕ್ಟರನ್ನು ಕರೆದರು. ಅವರೂ ಕೇಳಿಸಿಕೊಂಡರು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನಿನ್ನೆ ಇಲ್ಲದ ಒಂದು ಸದ್ದು ಇವತ್ತು ಕೇಳುತ್ತಿದೆ ಎಂದರು. ಎದೆಗೆ ಜಿಗುಟು ಹಚ್ಚಿ ಟೀವಿಯಂಥ ಯಂತ್ರದಲ್ಲಿ ನೋಡಿದರು. ಕಪ್ಪು ತೆರೆಯ ಮೇಲೆ, ಬಣ್ಣವಿರಬಾರದ ಜಾಗದಲ್ಲಿ ಒಂದು ಬಣ್ಣ ಚಿಮ್ಮುತ್ತಿತ್ತು.

“ಹೃದಯದ ಒಳಗೆ ಎಡಕ್ಕೂ ಬಲಕ್ಕೂ ನಡುವೆ ಒಂದು ಗೋಡೆ ಇರುತ್ತೆ. ರಕ್ತ ಇಲ್ಲದೆ ಆ ಗೋಡೆ ಸತ್ತು, ಒಡೆದು ತೂತಾಗಿದೆ. ಇಲ್ಲಿ ಆಗಲ್ಲ, ಈಗಲೇ ಮೈಸೂರಿಗೆ ಹೊರಡಿ” ಎಂದರು.

ಹೃದಯದೊಳಗೆ ಗೋಡೆ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮೈಸೂರಿನವರೆಗೂ ಆಂಬುಲೆನ್ಸಿನಲ್ಲಿ ಮಂಜುಳಾ ಅವನ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳುತ್ತಲೇ ಇದ್ದಳು. ಸೈರನ್ನಿನ ಗಲಾಟೆಯಲ್ಲಿ ನನಗೇನೂ ಕೇಳಲಿಲ್ಲ. ಶ್ರೀರಂಗಪಟ್ಟಣ ದಾಟುವಾಗ ಅವನ ತುಟಿ ನೀಲಿಯಾಗಿತ್ತು.

ಮೈಸೂರಿನ ಶಸ್ತ್ರಚಿಕಿತ್ಸೆಯ ಡಾಕ್ಟರು ನೆರೆತ ಹುಬ್ಬಿನ, ಮೆಲುಮಾತಿನ ಮನುಷ್ಯ. ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು.

“ಆಪರೇಷನ್ ಮಾಡಲೇಬೇಕು. ಆದ್ರೆ ಈಗ ಮಾಡಿದ್ರೆ ಹೊಲಿಗೆ ನಿಲ್ಲೋದು ಕಷ್ಟ. ಸತ್ತ ಮಾಂಸ ನೆಂದ ರೊಟ್ಟಿ ಇದ್ದ ಹಾಗೆ, ದಾರ ಎಳೆದ್ರೆ ಹರಿಯುತ್ತೆ. ದಿನ ಕಳೆದ ಹಾಗೆ ಅಂಚು ಗಟ್ಟಿಯಾಗುತ್ತೆ. ಹೃದಯಾಘಾತ ಆಗಿ ಒಂದು ವಾರವಾದ್ರೂ ಆಗಿದ್ರೆ ನಮಗೆ ಧೈರ್ಯ. ಇವರಿಗೆ ಆಗಿರೋದು ನಿನ್ನೆ. ತೊಡೆಯಿಂದ ಒಂದು ಬಲೂನು ಪಂಪು ಹಾಕಿ ಹೃದಯಕ್ಕೆ ಆಸರೆ ಕೊಟ್ಟು ಕಾಯ್ತೀವಿ.”

“ಅಲ್ಲೀಗಂಟ ತಡೀತಾರಾ ಸಾರ್?” ಎಂದು ಮಂಜುಳಾ ಕೇಳಿದಳು.

“ಗೊತ್ತಿಲ್ಲಮ್ಮ” ಎಂದರು. ಸುಳ್ಳು ಭರವಸೆ ಕೊಡದ ಆ ಮಾತಿಗೆ ಮಂಜುಳಾ ತಲೆಯಾಡಿಸಿದಳು. ನಾನು ನೆಲ ನೋಡುತ್ತಿದ್ದೆ. ‘ನಿನ್ನೆ’ ಎಂಬ ಆ ಒಂದು ಮಾತು ನನ್ನದು. ಮಳವಳ್ಳಿಯ ಚೀಟಿಯಲ್ಲಿ ಬರೆದುಕೊಂಡು ಮಂಡ್ಯಕ್ಕೆ ಬಂದು, ಮಂಡ್ಯದಿಂದ ಮೈಸೂರಿಗೆ ಬಂದಿತ್ತು. ಎಲ್ಲರೂ ಅದನ್ನು ನಂಬಿ ಲೆಕ್ಕ ಹಾಕುತ್ತಿದ್ದರು. ಚೀಟಿಯಲ್ಲಿ ಏನಿದೆ ಎಂದು ತಿಳಿಯದ ಮಂಜುಳಾ, ಗುರುವಾರ ಅವನು ಕುಸಿದಾಗಲೇ ಹೃದಯಾಘಾತ ಆದದ್ದು ಎಂದುಕೊಂಡಿದ್ದಳು.

ಕಾಯುವ ಹಾಲಿನಲ್ಲಿ ಕಬ್ಬಿಣದ ಕುರ್ಚಿಗಳ ಸಾಲು. ಬಾಗಿಲ ಬಳಿ ಕಾವಲಿನವನು ರೋಗಿಯ ಹೆಸರು ಕೂಗಿದಾಗಲೆಲ್ಲ ಇಡೀ ಹಾಲೇ ಅರ್ಧ ಎದ್ದು, ತಮ್ಮದಲ್ಲ ಎಂದು ಗೊತ್ತಾಗಿ ಮತ್ತೆ ಕೂರುತ್ತಿತ್ತು. ನಿಡಘಟ್ಟದ ಒಬ್ಬರು ಅಲ್ಲಿ ಹನ್ನೊಂದು ದಿನದಿಂದ ಇದ್ದರು. ಅವರ ಹೆಂಡತಿ ಒಳಗಿದ್ದರು. ಯಾವ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಯಾವ ನರ್ಸಮ್ಮನನ್ನು ಕೇಳಿದರೆ ಒಂದು ನಿಮಿಷ ಹೆಚ್ಚು ಒಳಗೆ ಬಿಡುತ್ತಾರೆ, ಎಲ್ಲ ಅವರಿಗೆ ಗೊತ್ತು. ಶನಿವಾರ ಬೆಳಿಗ್ಗೆ ನಮ್ಮ ಮುಂದೆ ಎರಡು ಪೊಟ್ಟಣ ಉಪ್ಪಿಟ್ಟು ಇಟ್ಟು, “ಉಣ್ರಮ್ಮ. ನೀವು ಉಪಾಸ ಬಿದ್ರೆ ಒಳಗಿರೋರ್ಗೇನು ಬಲ ಬತ್ತದಾ? ನಾನೂ ಮೊದ್ಲೆರಡು ದಿನ ಉಣ್ದೆ ಬಿದ್ದೋಗಿ, ನಂಗೇ ಗ್ಲೂಕೋಸ್ ಆಕುದ್ರು. ಎಂಡ್ತಿ ಒಳಗಿಂದ ಬೈದು ಕಳ್ಸುದ್ಲು” ಎಂದರು. ಮಂಜುಳಾ ನಕ್ಕಳು. ನಕ್ಕವಳು ಉಪ್ಪಿಟ್ಟು ತಿನ್ನುತ್ತಾ ಅತ್ತಳು. ಆ ಮನುಷ್ಯನ ಹೆಸರನ್ನು ನಾನು ಕೇಳಿಕೊಳ್ಳಲಿಲ್ಲ. ಅವರ ಹೆಂಡತಿ ಮನೆಗೆ ಹೋದರೋ ಇಲ್ಲವೋ ಅದೂ ಗೊತ್ತಿಲ್ಲ.

ಅಷ್ಟರಲ್ಲಿ ಊರಿನಿಂದ ನಮ್ಮ ಸೋದರಮಾವ ಕೆಂಪಣ್ಣ, ಅವನ ಜೊತೆ ಇನ್ನಿಬ್ಬರು ಬಂದರು. ಮಾವ ಕೂರುವ ಮುಂಚೆಯೇ ಮಂಜುಳಾಳ ಮೇಲೆ ಬಿದ್ದ.

“ಏನಮ್ಮ ನೀನು? ಗಂಡ ಮೂರ್ದಿನದಿಂದ ನರಳ್ತಾವ್ನೆ. ಬೆವರ್ತಾವ್ನೆ, ಉಣ್ತಿಲ್ಲ. ಅದು ಉಳುಕಲ್ಲ ಅಂತ ಎಂಡ್ತಿ ಆದೋಳ್ಗೆ ಗೊತ್ತಾಗ್ಬೇಡ್ವಾ? ಜಯಮ್ಮ ಪಾಪ ಕಾಲಾಕ್ತಾಳೆ, ಅವಳ್ಗೇನು ಒಳಗೆ ಕಾಣ್ತದಾ? ಮಗ್ಗುಲಲ್ಲಿ ಮಲಗೋಳು ನೀನು.”

ನಮ್ಮ ಜನ ಹೀಗೇ. ನನ್ನ ಕಾಲು ತಪ್ಪಬಹುದು ಎಂಬುದು ಅವರ ತಲೆಗೇ ಬರುವುದಿಲ್ಲ. ಕಾಲಿನಿಂದ ಹೋಗದ ನೋವಾದರೆ ತಪ್ಪು ಬೇರೆ ಯಾರದೋ ಇರಬೇಕು. ಮಂಜುಳಾ ಒಂದು ಮಾತು ಆಡಿದ್ದರೆ ಸಾಕಿತ್ತು: ನಾನು ಮೊದಲ ದಿನವೇ ಹೇಳಿದೆ, ಇವರು ಬಾಗಿಲಿಗೆ ಅಡ್ಡ ನಿಂತರು ಎಂದು. ಅವಳು ಆಡಲಿಲ್ಲ. ಒಂದು ಸಲ ನನ್ನ ಕಡೆ ನೋಡಿದಳು, ಅಷ್ಟೆ. ನಾನು ಸೆರಗಿನ ಅಂಚು ಮಡಚುತ್ತಾ ಕೂತಿದ್ದೆ.

ಮಧ್ಯಾಹ್ನ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದರು. ಮಂಜುಳಾ, “ನೀವು ಓಗ್ಬನ್ನಿ ಅಕ್ಕ, ನಿಮ್ಮನ್ನೇ ಕೇಳ್ತಿದ್ರಂತೆ” ಎಂದಳು.

ಸಿದ್ದರಾಜನ ಮೂಗು ಬಾಯಿಗೆ ಮುಖವಾಡ. ತೊಡೆಯ ಹತ್ತಿರದ ಯಂತ್ರ ಟಕ್ ಟಕ್ ಎನ್ನುತ್ತಿತ್ತು. ಮುಖವಾಡದೊಳಗಿನಿಂದ ಅವನ ಮಾತು ಕೇಳಲು ನಾನು ಬಗ್ಗಬೇಕಾಯಿತು.

“ಅಕ್ಕ, ಡಾಕ್ಟ್ರು ನನ್ನೂ ಕೇಳುದ್ರು. ಯಾವತ್ತಿಂದ ಅಂತ.”

ನಾನು ಇನ್ನಷ್ಟು ಬಗ್ಗಿದೆ. “ಏನಂದೆ?”

“ನೀನು ಅಂದಂಗೇ ಅಂದೆ. ಗುರುವಾರದಿಂದ ಅಂತ.” ಉಸಿರು ಎಳೆದುಕೊಂಡ. “ನೀನೇನೂ ಎದ್ರುಕಬೇಡ.”

ಉಸಿರಾಡಲು ಆಗದವನು ನನಗೆ ಧೈರ್ಯ ಹೇಳುತ್ತಿದ್ದ. ನನ್ನ ಸುಳ್ಳನ್ನು ಉಳಿಸಲು ತನ್ನ ಜೀವವನ್ನು ಅಡವಿಟ್ಟಿದ್ದ. ಆ ಕೋಣೆಯಿಂದ ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಹಾಲಿಗೆ ಹೋಗದೆ ಎದುರು ಸಿಕ್ಕಿದ ನರ್ಸಮ್ಮನ ಕೈ ಹಿಡಿದು, “ದೊಡ್ಡ ಡಾಕ್ಟ್ರನ್ನ ನೋಡ್ಬೇಕು ಕಣವ್ವ, ಈಗ್ಲೇ” ಎಂದೆ. ಆಗಲ್ಲ, ಸಂಜೆ ಬನ್ನಿ ಎಂದರು. “ಚೀಟೀಲಿ ಬರ್ದಿರೋ ದಿನ ಸುಳ್ಳು” ಎಂದೆ. ಆಕೆ ನನ್ನ ಮುಖ ನೋಡಿ ಒಳಗೆ ಕರೆದುಕೊಂಡು ಹೋದರು.

ಡಾಕ್ಟರು ಇನ್ನಿಬ್ಬರ ಜೊತೆ ನಿಂತು ಏನನ್ನೋ ಚರ್ಚಿಸುತ್ತಿದ್ದರು. ನಾನು ಕೈ ಮುಗಿದು ನಿಂತೇ ಹೇಳಿದೆ. ಸೋಮವಾರ ಮಧ್ಯಾಹ್ನ ಮರದ ಮೇಲೆ ಶುರುವಾದದ್ದು, ಮೂರು ಬೆಳಿಗ್ಗೆ ತುಳಿದದ್ದು, ಮಳವಳ್ಳಿಯಲ್ಲಿ ಎರಡು ಸಲ ಕೇಳಿದರೂ ಸುಳ್ಳು ಹೇಳಿದ್ದು. ತುಳಿದೆ ಎಂಬ ಮಾತು ಬಂದಾಗ ಚಿಕ್ಕ ಡಾಕ್ಟರೊಬ್ಬರು ಕಣ್ಣರಳಿಸಿದರು. ದೊಡ್ಡವರು ಅರಳಿಸಲಿಲ್ಲ. ಬೆರಳು ಮಡಚಿ ಎಣಿಸಿದರು. ಸೋಮ, ಮಂಗಳ, ಬುಧ, ಗುರು, ಶುಕ್ರ, ಶನಿ.

“ಇವತ್ತಿಗೆ ಆರನೇ ದಿನ. ಖಂಡಿತವಾಗಿ?”

“ನನ್ನ ಗಂಡನ ಆಣೆಗೂ ಸಾ.”

ಅವರು ಜೊತೆಯವರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಮಾತಾಡಿದರು. ಆಮೇಲೆ ನನಗೆ ಹೇಳಿದರು: “ಬೆಳಿಗ್ಗೆಯಿಂದ ಇವರ ರಕ್ತದ ಒತ್ತಡ ಇಳೀತಾ ಇದೆ, ಮೂತ್ರ ಕಡಿಮೆಯಾಗಿದೆ. ಮುಂದಿನ ಗುರುವಾರದವರೆಗೆ ತಡೆಯಲ್ಲ ಅನ್ನೋದು ನಮಗೆ ಗೊತ್ತು. ಈಗಲೇ ತೆರೆದ್ರೆ ಅಂಚು ತೀರಾ ಹಸಿ ಇರುತ್ತೆ ಅಂತ ಹಿಂದೆ ಮುಂದೆ ನೋಡ್ತಿದ್ವಿ. ನೀವು ಹೇಳಿದ್ದು ನಿಜ ಆದ್ರೆ, ಅಂಚು ನಾವು ಅಂದ್ಕೊಂಡಿದ್ದಕ್ಕಿಂತ ಗಟ್ಟಿ ಇರುತ್ತೆ. ನಾಳೆ ಬೆಳಿಗ್ಗೆ ಮಾಡ್ತೀವಿ.”

ನಾನು ಹೋಗಲಿಲ್ಲ. ಕೇಳಲೇಬೇಕಿತ್ತು. “ಆ ಇಂಜೆಕ್ಷನ್ನಿಂದಲೇ ಗೋಡೆ ಒಡೀತಾ ಸಾ?”

“ತಡವಾಗಿ ಬಂದವರಿಗೆ ಇಂಜೆಕ್ಷನ್ ಇಲ್ಲದೆಯೂ ಒಡೆಯುತ್ತೆ. ತಡವಾಗಿ ಕೊಟ್ಟರೆ ಒಡೆಯೋ ಭಯ ಜಾಸ್ತಿ. ಇವರಿಗೆ ಯಾವುದರಿಂದ ಆಯ್ತು ಅಂತ ನಾನು ಹೇಳಲಾರೆ. ಅಲ್ಲ ಅಂತಲೂ ಹೇಳಲ್ಲ, ಹೌದು ಅಂತಲೂ ಹೇಳಲ್ಲ. ಈಗಲಾದ್ರೂ ಹೇಳಿದ್ರಲ್ಲ. ಮನೆಯವರಿಗೆ ನೀವು ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಯೋಳ್ತೀನಿ ಸಾ” ಎಂದೆ.

ಹೇಳಲಿಲ್ಲ. ಹಾಲಿಗೆ ಬಂದಾಗ ಮಾವ, “ಏನಂತೆ?” ಎಂದ. “ನಾಳೇನೇ ಮಾಡ್ತಾರಂತೆ” ಎಂದಷ್ಟೇ ಹೇಳಿ ಕೂತೆ. ಡಾಕ್ಟರಿಗೆ ಹೇಳಲು ಬಂದ ಬಾಯಿ ನಮ್ಮವರ ಮುಂದೆ ಬರಲಿಲ್ಲ. ಡಾಕ್ಟರು ನಾಳೆ ನನ್ನನ್ನು ಮರೆಯುತ್ತಾರೆ. ಇವರ ನಡುವೆ ನಾನು ಸಾಯುವ ತನಕ ಬಾಳಬೇಕು. ನಾನು ಅವತ್ತು ಮಾಡಿದ ಲೆಕ್ಕಾಚಾರ ಅದು.

ಭಾನುವಾರ ಬೆಳಿಗ್ಗೆ ಏಳಕ್ಕೆ ಒಳಗೆ ತೆಗೆದುಕೊಂಡರು. ಬದುಕುವುದು ಸಾಯುವುದು ಅರ್ಧಕ್ಕರ್ಧ ಎಂದು ಹೇಳಿಯೇ ಮಂಜುಳಾಳಿಂದ ಸಹಿ ಹಾಕಿಸಿಕೊಂಡರು. ಅವಳು ಸಹಿ ಹಾಕಿ ಬಂದು ನನ್ನ ಪಕ್ಕ ಕೂತಳು. ಒಂಬತ್ತಾಯಿತು, ಹನ್ನೊಂದಾಯಿತು. ಕಾವಲಿನವನು ಹೆಸರು ಕೂಗಿದಾಗಲೆಲ್ಲ ಅವಳು ನನ್ನ ಮೊಣಕೈ ಹಿಡಿಯುತ್ತಿದ್ದಳು. ಆ ಕೈಯನ್ನು ಹಿಡಿದುಕೊಳ್ಳಲೂ ಸರಿಸಲೂ ನನ್ನಿಂದಾಗುತ್ತಿರಲಿಲ್ಲ. ಒಂದು ಗಂಟೆಗೆ, ಇನ್ನೂ ರಕ್ತ ಬೇಕು ಎಂದು ನರ್ಸಮ್ಮ ಬಂದರು. ಮಾವನ ಜೊತೆ ಬಂದಿದ್ದ ಇಬ್ಬರೂ ಎದ್ದು ಹೋದರು. ಬಾಯಿ ಜೋರು ಮಾಡಿಕೊಂಡು ಓಡಾಡುತ್ತಿದ್ದ ಮಾವ ಆ ಹೊತ್ತಿನಲ್ಲಿ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವನ ಹೆಗಲು ಅಲುಗುತ್ತಿತ್ತು.

ಮೂರು ಗಂಟೆಯ ಮೇಲೆ ಡಾಕ್ಟರು ಬಂದರು. ಟೋಪಿಯ ಅಂಚು ಬೆವರಿನಿಂದ ಒದ್ದೆ. “ತೇಪೆ ಹಾಕಿದ್ದೀವಿ. ಹೊಲಿಗೆ ಹಿಡಿದಿದೆ. ಮುಂದಿನ ಮೂರು ದಿನ ದಾಟಬೇಕು” ಎಂದರು. ತೇಪೆ ಯಾವುದರದ್ದು ಎಂದು ಮಾವ ಕೇಳಿದ. ದನದ ಹೃದಯದ ಮೇಲಿನ ಪೊರೆಯನ್ನು ಶುದ್ಧ ಮಾಡಿ ಮಾಡಿದ್ದು ಎಂದರು. ಹೋಗುವ ಮುಂಚೆ ನನ್ನ ಕಡೆ ತಿರುಗಿ, “ಅಂಚು ಗಟ್ಟಿ ಇತ್ತು” ಎಂದರು. ಅದು ನನಗೆ ಮಾತ್ರ ತಿಳಿಯುವ ಮಾತು. ಮಂಜುಳಾ ನನ್ನ ಮುಖ ನೋಡಿದಳು.

ಮೂರು ದಿನವಲ್ಲ, ಐದು ದಿನ ಅವನು ಉಸಿರಿನ ಯಂತ್ರದಲ್ಲಿದ್ದ. ಮೂತ್ರಪಿಂಡ ನಿಂತುಹೋಗುತ್ತದೆ ಎಂದು ಒಂದು ದಿನ ಹೆದರಿಸಿದರು, ಮಾರನೇ ದಿನ ಪರವಾಗಿಲ್ಲ ಎಂದರು. ಕೊಳವೆ ತೆಗೆದ ಮೇಲೆ ಮೊದಲು ಒಳಗೆ ಹೋದವಳು ಮಂಜುಳಾ. ಬಂದು, “ನೀರು ಕೇಳುದ್ರು” ಎಂದಳು. ಅಷ್ಟೇ ಮಾತನ್ನು ಅವಳು ಹಾಲಿನಲ್ಲಿದ್ದ ಗುರುತಿಲ್ಲದವರಿಗೂ ಹೇಳಿದಳು. ವಾರ್ಡಿಗೆ ಬಂದ ದಿನ ದನದ ಪೊರೆಯ ಸುದ್ದಿ ಮಾವ ಅವನಿಗೆ ಮುಟ್ಟಿಸಿದ. ಸಿದ್ದರಾಜು ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು, “ಇನ್ನೇನ್ ಮಾವ, ಮನೆಗೆ ಓದೇಟ್ಗೆ ಇಂಡಿ ಬೂಸಾ ಕಲ್ಸಿ ಮಡಗುಸ್ಬುಡು” ಎಂದ. ನಕ್ಕರೆ ನೋಯುತ್ತದೆಂದು ಬೈಸಿಕೊಂಡ.

ನಾಲ್ಕನೇ ವಾರಕ್ಕೆ ಮನೆಗೆ ಬಂದೆವು. ತೇಪೆಯ ಪಕ್ಕ ಸಣ್ಣದೊಂದು ಸೋರಿಕೆ ಉಳಿದಿದೆ, ಅದರ ಜೊತೆಯೇ ಬಾಳಬಹುದು ಎಂದಿದ್ದಾರೆ. ಮೆಟ್ಟಿಲು ಹತ್ತಿದರೆ ಏದುಸಿರು. ಮರದ ಮಾತಂತೂ ಮುಗಿಯಿತು. ಈಗ ಮದ್ದೂರಿನ ಮಾರುಕಟ್ಟೆಯಲ್ಲಿ ನೆರಳಿನಲ್ಲಿ ಕೂತು, ಲಾರಿಗೆ ತುಂಬುವಾಗ ಕಾಯಿ ಎಣಿಸುತ್ತಾನೆ. ಒಮ್ಮೊಮ್ಮೆ ತಲೆ ಎತ್ತಿ ತೆಂಗಿನ ಮರದ ತುದಿ ನೋಡುವುದನ್ನು ನಾನು ಕಂಡಿದ್ದೇನೆ.

ನಾನು ತುಳಿಯುವುದನ್ನು ಬಿಟ್ಟೆ. ಕೆರಗೋಡಿನಿಂದ ಒಬ್ಬಾಕೆ ಗಂಡನ ಭುಜ ಹಿಡಿದಿದೆ ಎಂದು ಕರೆದುಕೊಂಡು ಬಂದಾಗ, ಮೊದಲು ಎದೆಯ ಇಸಿಜಿ ಪಟ್ಟಿ ತೆಗೆಸಿಕೊಂಡು ಬನ್ನಿ ಎಂದು ಮಂಡ್ಯಕ್ಕೆ ಅಟ್ಟಿದೆ. ಅವನಿಗೆ ಬರೀ ಉಳುಕಂತೆ. “ಸುಮ್ಸುಮ್ಕೆ ಅಲೆದಾಡುಸ್ಬುಟ್ಲು” ಎಂದು ನನ್ನನ್ನು ಬೈದುಕೊಂಡು ಹೋದರು. ಬೈಯಲಿ. ಭುಜ, ಬೆನ್ನು, ದವಡೆ ಹಿಡಿದು ಬೆವರುವ ಯಾರೇ ಬಂದರೂ ನಾನು ಹೀಗೇ ಅಟ್ಟುತ್ತೇನೆ. ಡಾಕ್ಟರು ದಿನ ಕೇಳಿದರೆ ನಿಜವಾದ ದಿನ ಹೇಳಿ ಎಂದು ಹೇಳಿ ಕಳಿಸುತ್ತೇನೆ.

ಆದರೆ ನಮ್ಮ ಮನೆಯೊಳಗೆ ಆ ದಿನ ಇನ್ನೂ ಸುಳ್ಳಾಗಿಯೇ ಇತ್ತು. ನೋಡಲು ಬಂದವರೆಲ್ಲ ಮಂಜುಳಾಳಿಗೆ ಒಂದು ಮಾತು ಚುಚ್ಚಿಯೇ ಹೋಗುತ್ತಿದ್ದರು. ಅವಳು ಅವರಿಗೆಲ್ಲ ಕಾಫಿ ಮಾಡಿ ಕೊಡುತ್ತಿದ್ದಳು. ಒಮ್ಮೆ ಅಡುಗೆಮನೆಯಲ್ಲಿ ನಾನು, “ಮಂಜುಳಾ...” ಎಂದು ಶುರು ಮಾಡಿದೆ. ಅವಳು ತಿರುಗಿ ನೋಡಿದಳು. “ಸಕ್ಕರೆ ಮುಗ್ದೋಗದೆ” ಎಂದೆ. ಎರಡು ತಿಂಗಳು ಹೀಗೆ ಕಳೆಯಿತು.

ಒಂದು ಭಾನುವಾರ ಮಾವ, ಅತ್ತೆ, ಮದ್ದೂರಿನಿಂದ ಮಂಜುಳಾಳ ಅಪ್ಪ, ಪಕ್ಕದ ಮನೆಯವರು ಎಲ್ಲ ನಮ್ಮ ನಡುಮನೆಯಲ್ಲಿ ಕೂತಿದ್ದರು. ಮಾವ ಮೂಸಂಬಿ ಬಿಡಿಸುತ್ತಾ ಹಳೆಯ ರಾಗ ತೆಗೆದ. “ಏನೋ ನಮ್ಮ ಪುಣ್ಯ, ಉಳ್ಕಂಡ. ಎಂಡ್ತಿ ಒಸಿ ಉಸಾರಾಗಿದ್ದಿದ್ರೆ ಎದೆ ಕುಯ್ಸೋ ಗತಿ ಬತ್ತಿತ್ತಾ?”

ಮಂಜುಳಾಳ ಅಪ್ಪ ತಲೆ ತಗ್ಗಿಸಿದರು. ಮಗಳ ಮನೆಯಲ್ಲಿ ಕೂತ ಆ ವಯಸ್ಸಾದ ಮನುಷ್ಯ, “ತಿಳೀದೆ ಮಾಡವ್ಳೆ, ಮನ್ನಿಸ್ಬುಡಿ” ಎಂದರು. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಂಜುಳಾಳ ಮುಖ ಆಗ ಮುರಿಯಿತು. ಆಸ್ಪತ್ರೆಯಲ್ಲಿ ಮಾವ ಬೈದಾಗಲೂ ಮುರಿಯದ ಮುಖ.

“ಬುಡಿ ಮಾವ, ಆಗಿದ್ದಾಯ್ತು” ಎಂದು ಸಿದ್ದರಾಜು ಅಂದ. ಅಂದವನು ನನ್ನ ಕಡೆ ನೋಡಿ ಬೇಡ ಎಂಬಂತೆ ಕಣ್ಣಿನಲ್ಲೇ ಸನ್ನೆ ಮಾಡಿದ. ನಾನು ಈಗ ಬಾಯಿ ಬಿಡುತ್ತೇನೆಂದು ಅವನಿಗೆ ಗೊತ್ತಾಗಿತ್ತು.

ನಾನು ಎದ್ದು ನಿಂತೆ.

“ಮಾವ, ಬಾಯ್ ಮುಚ್ಚು. ಅವಳು ಸೋಮ್ವಾರನೇ ಆಸ್ಪತ್ರೆಗೆ ಓಗವ ಅಂದ್ಲು. ಬುಧ್ವಾರ ಚೀಲ ಇಡ್ಕಂಡು ಒಂಟಿದ್ಲು. ಬಾಗ್ಲಿಗೆ ಅಡ್ಡ ನಿಂತೋಳು ನಾನು. ಮಳವಳ್ಳಿ ಡಾಕ್ಟ್ರಮ್ಮ ಎರಡ್ಸಲ ಕೇಳುದ್ರೂ ಇವತ್ತೇ ಬಂದ ನೋವು ಅಂತ ಸುಳ್ಳೇಳ್ದೋಳೂ ನಾನೇ. ಅದಕ್ಕೇ ಕೊಡ್ಬಾರದ ಸೂಜಿ ಕೊಟ್ರು.”

ನಾನು ಮಂಜುಳಾಳ ಹತ್ತಿರ ಹೋಗಿ ಅವಳ ಕೈಯಿಂದ ತಟ್ಟೆ ತೆಗೆದು ಕೆಳಗಿಟ್ಟೆ. ಹೊರಗಿನ ಜಗುಲಿಯಲ್ಲಿ ಕೂತವರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ.

“ನೀನು ಮೂರ್ ದಿನಾನೂ ನಿಜ ಯೋಳ್ದೆ, ನಾನು ಕೇಳ್ಲಿಲ್ಲ. ನಿನ್ನ ಗಂಡನ ಜೀವಕ್ಕಿಂತ ನನ್ನ ಎಸರು ದೊಡ್ಡದು ಅಂದ್ಕಂಡೆ. ನನ್ನ ತಪ್ಪ ನಿನ್ನ ತಲೆಗೆ ಕಟ್ಟುದ್ರೆ ಸುಮ್ಕೆ ಕೂತಿದ್ದೆ. ನಿಮ್ಮಪ್ಪನ ಕೈಲೂ ಮಾಡ್ದಿರೋ ತಪ್ಪ ಒಪ್ಪುಸ್ದೆ. ತಪ್ಪಾಯ್ತು ಮಂಜುಳಾ. ತಪ್ಪಾಯ್ತು ಕಣ್ಲಾ ಸಿದ್ದ. ನನ್ನ ತಪ್ಪ ಒಟ್ಟೆಗಾಕಳಿ.”